ಮೊಳೆ ಹೊಡೆದ ಲಿಂಬೆಹಣ್ಣು

"ದುಂಡ್ಯಾ, ನಿನ್ನ ರಟ್ಟಿಯೊಳಗ ಎತ್ತಿನ ಕಸುವು ಐತಿ, ಅದನ್ನ ಯಾರೂ ಇಲ್ಲ ಅನ್ನಂಗಿಲ್ಲ. ಆದ್ರ ತಲಿಯೊಳಗೂ ಒಂದು ಎತ್ತು ಕಟ್ಟಿ ಮೇಯಿಸಾಕ ಹತ್ತೀಯಲ್ಲೋ!"

ಈ ಮಾತನ್ನು ಸಚಿನ ಹೇಳಿದ್ದು ಸುರೇಬಾನದ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ, ರವಿವಾರ ಮುಂಜಾನೆ ಒಂಬತ್ತಕ್ಕೆ, ಹದಿನಾಲ್ಕು ಮಂದಿಯ ಎದುರಿಗೆ. ಹದಿಮೂರು ಮಂದಿ ಆಗಿಂದಾಗಲೇ ನಕ್ಕರು. ಹದಿನಾಲ್ಕನೆಯವನ ಬಾಯಲ್ಲಿ ಬಿಸಿ ಮಿರ್ಚಿ ಇತ್ತು. ಅದನ್ನು ನುಂಗಿ, ನೀರು ಕುಡಿದು, ಅವನೂ ನಕ್ಕ. ತಡವಾಗಿ ಬಂದ ಆ ಒಂದು ನಗು ದುಂಡಪ್ಪನಿಗೆ ಉಳಿದ ಹದಿಮೂರಕ್ಕಿಂತ ಹೆಚ್ಚು ಉರಿಯಿತು.

ಉರಿಯುವುದು ದುಂಡಪ್ಪನಿಗೆ ಹೊಸದೇನಲ್ಲ. ವಯಸ್ಸು ಇಪ್ಪತ್ನಾಲ್ಕು, ಕಸುಬು ವೆಲ್ಡಿಂಗು, ಸಿಟ್ಟು ಮೂಗಿನ ತುದಿಯಲ್ಲಿ. ಒಂಬತ್ತನೆಯ ತರಗತಿಯಲ್ಲಿದ್ದಾಗ ಗಣಿತದ ಮಾಸ್ತರರು ಅವನ ಬೆನ್ನಿನ ಮೇಲೆ ಅಡಿಪಟ್ಟಿ ಮುರಿದರು. ಮುರಿದ ಎರಡು ತುಂಡಿನಲ್ಲಿ ಉದ್ದನೆಯದನ್ನು ಎತ್ತಿಕೊಂಡು ಹೊರಬಿದ್ದವನು ಮತ್ತೆ ಸಾಲೆಯ ಕಡೆ ತಲೆಹಾಕಲಿಲ್ಲ. ಆ ತುಂಡು ಇವತ್ತಿಗೂ ಅವನ ಅಂಗಡಿಯಲ್ಲಿದೆ. ಹದಿನೇಳು ಸೆಂಟಿಮೀಟರಿನವರೆಗಿನ ಎಲ್ಲ ಅಳತೆಯೂ ಅದರಲ್ಲೇ. ಅದಕ್ಕಿಂತ ಹೆಚ್ಚಿನದಕ್ಕೆ ಟೇಪು.

ಸಚಿನ ಪರಕೀಯನಲ್ಲ, ದೊಡ್ಡಪ್ಪ ಮಡಿವಾಳೆಪ್ಪನ ಮಗ. ಬೈಲಹೊಂಗಲದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಾನೆ. ಕಾಲೇಜಿನಲ್ಲಿ ಅವನನ್ನು ಯಾರೂ ಪ್ರೊಫೆಸರ್ ಎನ್ನುವುದಿಲ್ಲ. ಊರಲ್ಲಿ ಎಲ್ಲರೂ ಅನ್ನುತ್ತಾರೆ, ಏಕೆಂದರೆ ಅವನ ತಾಯಿ ಚನ್ನವ್ವ ಅನ್ನುತ್ತಾಳೆ, ಮತ್ತು ಚನ್ನವ್ವನ ಮಾತಿಗೆ ಎದುರಾಡಿದವರ ಜೋಳವನ್ನು ಮಡಿವಾಳೆಪ್ಪನ ಗಿರಣಿ ದಪ್ಪಗೆ ಬೀಸುತ್ತದೆ.

ಜಗಳ ಹುಟ್ಟಿದ್ದು ಲಿಂಬೆಹಣ್ಣಿನಿಂದ. ಪಂಚಮಿ ಹಬ್ಬಕ್ಕೆ ಹೆಣ್ಣುಮಕ್ಕಳು ಜೋಕಾಲಿ ಜೀಕಿದರೆ ಗಂಡಸರು ಲಿಂಬೆಹಣ್ಣು ಒಗೆಯುತ್ತಾರೆ, ಅಂದರೆ ದೂರಕ್ಕೆ ಎಸೆಯುತ್ತಾರೆ. ಇಲ್ಲಿಂದ ಅಲ್ಲಿಗೆ ಇಷ್ಟು ಒಗೆತಕ್ಕೆ ಮುಟ್ಟಿಸುತ್ತೇನೆ ಎಂದು ಮೊದಲೇ ಹೇಳಬೇಕು. ಒಗೆದ ಹಣ್ಣು ಉರುಳಿ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಮುಂದಿನ ಒಗೆತ. ಹೇಳಿದ ಎಣಿಕೆಯೊಳಗೆ ಮುಟ್ಟಿಸದವನು ಸೋತ. ಇಬ್ಬರೂ ಮುಟ್ಟಿಸಿದರೆ ಕಡಿಮೆ ಹೇಳಿದವನು ಗೆದ್ದ. ಸುರೇಬಾನಕ್ಕೂ ಕಟಕೋಳಕ್ಕೂ ಈ ಜಿದ್ದು ಅಜ್ಜನ ಕಾಲದ್ದು. ಸುರೇಬಾನದ ಅಗಸಿಬಾಗಿಲಿನಿಂದ ಕಾಲುವೆಯ ಸೇತುವೆಗೆ ಮೂರು ಕಿಲೋಮೀಟರ್ ನೆಟ್ಟನೆಯ ರಸ್ತೆ. ಒಗೆಯುವುದು ಅಲ್ಲೇ, ಅದರ ಮೇಲೆ ಹಬ್ಬಕ್ಕೆ ಮೊದಲು ಯಾರೂ ತಾಲೀಮು ಮಾಡಬಾರದೆಂಬುದು ಎರಡೂ ಊರಿನ ಕರಾರು. ಸೋತ ಊರು ಗೆದ್ದ ಊರಿಗೆ ಹನ್ನೆರಡು ನಮೂನೆಯ ಉಂಡಿ ಕಟ್ಟಿ, ಹಲಗೆ ಬಾರಿಸಿಕೊಂಡು ಮುಟ್ಟಿಸಬೇಕು. ಹೋದ ವರ್ಷ ದುಂಡಪ್ಪ ಸಿಟ್ಟಿನ ಭರದಲ್ಲಿ "ನಲವತ್ತು!" ಎಂದು ಒದರಿ, ಐವತ್ತೊಂದಕ್ಕೆ ಮುಟ್ಟಿಸಿದ್ದ. ಉಂಡಿ ಕಟ್ಟಿದ ಚನ್ನವ್ವ ಮೂರು ತಿಂಗಳು ಅವನ ಮುಖ ನೋಡಿರಲಿಲ್ಲ.

"ಅದಕ್ಕ ಈ ಸಲ ಲೆಕ್ಕಾ ಮಾಡೇನಿ," ಎಂದಿದ್ದ ಸಚಿನ, ಚಹಾದ ಟೇಬಲ್ಲಿನ ಮೇಲೆ ಕಾಗದ ಹಾಸಿ. "ನೋಡ್ರಿ, ಹಣ್ಣು ಒಂದ, ಲೆಕ್ಕ ಎರಡು. ಮುಂದಕ್ಕ ಎಷ್ಟು ಹೋತು ಅನ್ನೂದು ಎಕ್ಸ್. ಮ್ಯಾಲ ಎಷ್ಟು ಹೋತು ಅನ್ನೂದು ವೈ. ಎರಡನ್ನೂ ಒಂದ ಗಡಿಯಾರಕ್ಕ ಕಟ್ಟೇನಿ. ಯಾವ ಹೊತ್ತಿಗೆ ಹಣ್ಣು ಎಲ್ಲಿರತೈತಿ, ಬರೋಬ್ಬರಿ ಹೇಳತೇನಿ. ಹೋದ ವರ್ಷದ ವಿಡಿಯೋದಾಗ ದುಂಡಪ್ಪನ ವೇಗಾ ಅಳದೇನಿ, ಸೆಕೆಂಡಿಗೆ ಮೂವತ್ತೆರಡು ಮೀಟರ್. ನಲವತ್ತೈದು ಡಿಗ್ರಿ ಹಿಡದ್ರ ಒಗತಕ್ಕ ನೂರಾ ನಾಕು ಮೀಟರ್. ಮೂರು ಕಿಲೋಮೀಟರಿಗೆ ಇಪ್ಪತ್ತೊಂಬತ್ತು ಒಗತ. ಮುಗೀತು!"

"ಅಣ್ಣಾ, ಒಗದಾಂವ ನಾನು," ಎಂದಿದ್ದ ದುಂಡಪ್ಪ. "ನನ್ನ ಹಣ್ಣು ಅರವತ್ತೈದು ದಾಟಿದ್ದ ನಾ ಕಂಡಿಲ್ಲ."

"ದಾಟತೈತಿ. ಸಮೀಕರಣ ಹೇಳತೈತಿ."

"ಸಮೀಕರಣ ಬಂದು ಒಗಿತೈತೇನು?"

ಆಗಲೇ ಸಚಿನ ಆ ಎತ್ತಿನ ಮಾತು ಆಡಿದ್ದು.

ದುಂಡಪ್ಪ ಎದ್ದು ಕಾಗದವನ್ನು ಕಸಿದುಕೊಂಡ. "ಈ ಕಾಗದದಾಗ ತಪ್ಪೈತಿ! ಎಲ್ಲೈತಿ ಅಂತ ನಾನ ತೋರಸ್ತೇನಿ!" ಎಂದು ಅಬ್ಬರಿಸಿದ. ಅಬ್ಬರಿಸಿದ ಮೇಲೆ ಅವನಿಗೆ ಹೊಳೆಯಿತು, ಕಾಗದದಲ್ಲಿ ತನಗೆ ಓದಲು ಬರುವುದು ಮೇಲೆ ಬರೆದ ತಾರೀಖು ಮಾತ್ರ ಎಂದು.

ಮಡಿವಾಳೆಪ್ಪ ಊರಿನ ಹಿರಿಯ. ಮೀಸೆ ಒರೆಸಿಕೊಂಡು ತೀರ್ಪು ಕೊಟ್ಟ. "ಆತು. ಪಂಚಮಿಗೆ ಇನ್ನ ಹನ್ನೆರಡು ದಿನ ಐತಿ. ಅಷ್ಟರೊಳಗ ತಪ್ಪು ತೋರ್ಸು. ತೋರಸಲಿಲ್ಲೋ, ಊರು ಇಪ್ಪತ್ತೊಂಬತ್ತ ಅಂತೈತಿ. ಒಗಿಯಾಂವ ನೀನ. ಇಪ್ಪತ್ತೊಂಬತ್ತಕ್ಕ ಮುಟ್ಟಲಿಲ್ಲಂದ್ರ, ಮುಂದ ಜೀವ ಇರೂತನಕ ನೀ ಲಿಂಬಿಹಣ್ಣು ಮುಟ್ಟೂದು ಉಪ್ಪಿನಕಾಯಿ ಹಾಕಾಕ ಅಷ್ಟ."

ದುಂಡಪ್ಪನಿಗೆ ಹೊಲವಿಲ್ಲ, ಪದವಿ ಇಲ್ಲ, ನೋಡಲು ಬಂದ ಕನ್ಯೆಯ ಕಡೆಯವರು ಎರಡನೆಯ ಸಲ ಬಂದದ್ದಿಲ್ಲ. ವರ್ಷದಲ್ಲಿ ಒಂದೇ ದಿನ ಎರಡು ಊರಿನ ಜನ ಅವನ ಹಿಂದೆ ಹಿಂದೆ ನಡೆಯುತ್ತಿದ್ದರು. ಈಗ ಆ ಒಂದು ದಿನಕ್ಕೇ ಕುತ್ತು ಬಂದಿತ್ತು.

ಮೊದಲ ದಿನ ಅವನು ಕಾಗದವನ್ನು ತಲೆಕೆಳಗಾಗಿ ಹಿಡಿದು ಓದಿದ, ಅರ್ಥವಾಗಲಿಲ್ಲ. ಎರಡನೆಯ ದಿನ ನೆಟ್ಟಗೆ ಹಿಡಿದು ಓದಿದ, ಅಷ್ಟೇ ಅರ್ಥವಾಯಿತು. ಥೀಟಾ ಎಂಬ ಅಕ್ಷರವೊಂದು ಮಾತ್ರ ಎರಡೂ ಕಡೆಯಿಂದ ಒಂದೇ ತರಹ ಕಂಡದ್ದರಿಂದ ಅದರ ಮೇಲೆ ಅವನಿಗೆ ಅಷ್ಟಿಷ್ಟು ನಂಬಿಕೆ ಬಂತು. ಮೊಬೈಲಿನಲ್ಲಿ ಯಾರೋ ಮಾಸ್ತರರ ಪಾಠವನ್ನು ಹನ್ನೊಂದು ಸಲ ನೋಡಿದ. ಹನ್ನೆರಡನೆಯ ಸಲಕ್ಕೆ ಗೊತ್ತಾಯಿತು: ಥೀಟಾ ಎಂದರೆ ಓರೆ! ಬಾಗಿಲ ಚೌಕಟ್ಟಿನ ಮೂಲೆ ಕೂಡಿಸಲು ತಾನು ದಿನಾ ಕೊಯ್ಯುವ ನಲವತ್ತೈದರ ಓರೆಯೇ! ದಿನಾ ಕೈಯಲ್ಲಿ ಹಿಡಿಯುವುದಕ್ಕೆ ಹೆಸರು ಬದಲಿಸಿ ಓದಿದವರು ಇಷ್ಟು ವರ್ಷ ತನ್ನನ್ನು ಹೆದರಿಸಿದರಲ್ಲಾ ಎಂದು ಸಿಟ್ಟು ಬಂತು. ಸಿಟ್ಟು ಬಂದರೆ ಅವನ ಕೈ ಚುರುಕು. ಅಂಗಡಿಯ ಶಟರಿನ ಮೇಲೆ ಚಾಕ್‌ಪೀಸಿನಿಂದ, ಅರ್ಧ ಸೆಕೆಂಡಿಗೆ ಹಣ್ಣು ಎಲ್ಲಿ, ಒಂದು ಸೆಕೆಂಡಿಗೆ ಎಲ್ಲಿ, ಎಂದು ಚುಕ್ಕೆ ಇಟ್ಟ. ಚುಕ್ಕೆ ಕೂಡಿಸಿದರೆ ಕಮಾನು ಬಂತು. ಮದುವೆಯ ಹಂದರದ ಕಮಾನಿನಂತೆ, ಏರಿದ ಬದಿಯೂ ಇಳಿದ ಬದಿಯೂ ತದ್ವತ್ ಒಂದೇ.

"ಸುಳ್ಳ!" ಎಂದು ಶಟರಿಗೆ ಗುದ್ದಿದ ದುಂಡಪ್ಪ. "ನನ್ನ ಹಣ್ಣು ಹಿಂಗ ಇಳಿಯಂಗಿಲ್ಲ. ಏರುವಾಗ ಬಂಡಿ ದಿಬ್ಬಾ ಏರಿದಂಗ ಏರತೈತಿ, ಇಳಿಯುವಾಗ ಬಾವ್ಯಾಗ ಬಿದ್ದಂಗ ಬೀಳತೈತಿ!"

ಎದುರು ಮನೆಯ ಗುರವ್ವ ಉಂಡಿಗೆಂದು ಹುರಿದ ಶೇಂಗಾ ತಿಕ್ಕಿ ಮೊರದಲ್ಲಿ ಕೇರುತ್ತಿದ್ದಳು. ಸದ್ದಿಗೆ ಬೆಚ್ಚಿ, "ಯಾಕೋ ಮೂಳಾ, ಶಟರ್ ಏನ ಮಾಡೈತಿ ನಿನಗ?" ಎಂದು ಬೈಯುತ್ತಲೇ ಮೊರವನ್ನು ಒಮ್ಮೆ ಜೋರಾಗಿ ಜಾಡಿಸಿದಳು. ಕಾಳು ಮೊರಕ್ಕೇ ಬಿತ್ತು. ಸಿಪ್ಪೆ ಅಷ್ಟು ಎತ್ತರಕ್ಕೆ ಎದ್ದು, ಅಲ್ಲೇ ನಿಂತು, ದಮ್ಮು ಹತ್ತಿದವರಂತೆ ಗಾಳಿಯ ಪಾಲಾಯಿತು. ದುಂಡಪ್ಪ ಬಾಯಿ ತೆರೆದು ನೋಡಿದ. ಕಾಳಿಗೂ ಸಿಪ್ಪೆಗೂ ಗುರವ್ವ ಕೊಟ್ಟ ಏಟು ಒಂದೇ.

"ಯವ್ವಾ, ಇನ್ನೊಮ್ಮೆ ಜಾಡಸ!" ಎಂದ.

ಗುರವ್ವ ಅವನಿಗೆ ಜಾಡಿಸಿದಳು.

ಮರುದಿನದಿಂದ ಮುಂಜಾನೆ ಐದಕ್ಕೆ, ಊರು ಏಳುವ ಮೊದಲು, ದುಂಡಪ್ಪ ಕರಾರು ಮುರಿದು ಸೇತುವೆಯ ರಸ್ತೆಗೆ ಇಳಿದ. ಬೇರೆ ರಸ್ತೆಯ ಮೇಲೆ ಹಣ್ಣು ಉರುಳುವ ಪರಿಯೇ ಬೇರೆ. ಅವನಿಗೆ ಬೇಕಾದದ್ದು ಇದೇ ರಸ್ತೆ. ಒಂದೇ ಗಾತ್ರದ ಹಣ್ಣು ಆರಿಸಿ, ಕೆಲವಕ್ಕೆ ಮೂರು ಮೊಳೆ, ಕೆಲವಕ್ಕೆ ಐದು, ಕೆಲವಕ್ಕೆ ಏಳು ಮೊಳೆ ಹೊಡೆದ: ಗಾತ್ರ ಅಷ್ಟೇ ಇದ್ದು ತೂಕ ಮಾತ್ರ ಹೆಚ್ಚಿದರೆ ಏನಾಗುತ್ತದೆ ನೋಡೋಣವೆಂದು. ಭಾರದ್ದು ದೂರ ಹೋಯಿತು. ಕೆಲವಕ್ಕೆ ಕರಿ ಬಟ್ಟೆಯ ಬಾಲ ಕಟ್ಟಿದ: ಗಾಳಿಗೆ ಹಿಡಿದುಕೊಳ್ಳಲು ಹೆಚ್ಚು ಜಾಗ ಸಿಕ್ಕರೆ ಏನಾಗುತ್ತದೆ ಎಂದು. ಬಾಲದ್ದು ಹತ್ತಿರವೇ ಬಿತ್ತು. ಎರೆಹೊಲದಲ್ಲಿ ಬಿದ್ದ ಹಣ್ಣು ಕಾಣಲೆಂದು ಎಲ್ಲಕ್ಕೂ ಗೇಟಿಗೆ ಬಳಿಯುವ ಕೆಂಪು ಬಣ್ಣ ಮೆತ್ತಿದ. ಯಾವುದು ಯಾವ ಓರೆಯದೆಂದು ಮರೆಯಬಾರದಲ್ಲ, ಅದಕ್ಕೆ ಸಚಿನನ ಸಮೀಕರಣವನ್ನು ಚೀಟಿಯಲ್ಲಿ ಇಳಿಸಿ, ಅದರ ಬಾಲಕ್ಕೆ ಗಾಳಿ ತಿಂದ ಪಾಲನ್ನು ಕಳೆದು "– ಗಾ" ಎಂದು ಸೇರಿಸಿ, ಹಣ್ಣಿಗೆ ದಾರದಿಂದ ಸುತ್ತಿದ.

ವಿಜ್ಞಾನಕ್ಕೆ ಇಷ್ಟು ನಿಷ್ಠೆಯಿಂದ ದುಡಿದ ದುಂಡಪ್ಪನಿಗೆ, ಮೊಳೆ ಹೊಡೆದು, ಕೆಂಪು ಬಳಿದು, ಕರಿ ಬಟ್ಟೆ ಕಟ್ಟಿ, ಚೀಟಿ ಸುತ್ತಿದ ಲಿಂಬೆಹಣ್ಣನ್ನು ರಸ್ತೆಯಲ್ಲಿ ಕಂಡವರು ಏನೆಂದುಕೊಳ್ಳುತ್ತಾರೆ ಎಂಬುದೊಂದು ಹೊಳೆಯಲಿಲ್ಲ. ಒಗೆದ ಹಣ್ಣೆಲ್ಲ ತಿರುಗಿ ಸಿಗುತ್ತವೆಂದೇ ಅವನು ನಂಬಿದ್ದ. ಅಂಗಡಿಗೆ ಬಂದು ಎಣಿಸಿದರೆ ನಿತ್ಯ ಎರಡು ಮೂರು ಕಡಿಮೆ.

ಮೊದಲನೆಯದನ್ನು ಕಂಡವಳು ಗುರವ್ವ. ಸೇತುವೆಯ ರಸ್ತೆಯ ಬೇವಿನ ಗಿಡದ ಹತ್ತಿರ ಸಗಣಿ ಆರಿಸಲು ಹೋದವಳು ಬುಟ್ಟಿ ಅಲ್ಲೇ ಒಗೆದು, ಎಪ್ಪತ್ತರ ವಯಸ್ಸಿನಲ್ಲಿ ಊರ ತನಕ ಓಡಿ ಬಂದಳು.

"ಮಾಟಾ! ಮಾಟಾ ಮಾಡ್ಯಾರೋ ಯಪ್ಪಾ! ಏಳು ಮೊಳಿ ಹೊಡದಾರ!"

ಮಧ್ಯಾಹ್ನದೊಳಗೆ ಇನ್ನೂ ನಾಲ್ಕು ಸಿಕ್ಕವು. ಆಮೇಲೆ ಊರಿನಲ್ಲಿ ಏನು ಕೆಟ್ಟರೂ ಅದಕ್ಕೆ ಕಾರಣ ಸಿದ್ಧವಿತ್ತು. ಮಡಿವಾಳೆಪ್ಪನ ಗಿರಣಿಯ ಪಟ್ಟಾ ಹರಿಯಿತು. ಎಂಟು ವರ್ಷದ ಹಳೆಯ ಪಟ್ಟಾ ಎಂದು ಯಾರೂ ನೆನೆಯಲಿಲ್ಲ. ಗುರವ್ವನ ಎಮ್ಮೆ ಒದೆಯಿತು; ಅದು ಮೊದಲಿನಿಂದಲೂ ಒದೆಯುತ್ತಿತ್ತು, ಆದರೆ ಈಗ "ನೋಡಿ ಒದೀತೈತಿ" ಎಂದಳು ಗುರವ್ವ. ಚನ್ನವ್ವನ ಬೇಸನ್ ಉಂಡಿ ಕಟ್ಟಿದಲ್ಲೇ ಒಡೆದವು. ಸಾಕು, ಊರು ನಡುಗಿತು.

ಠಾಣೆಯಿಂದ ಹವಾಲ್ದಾರ ಸೋಮಪ್ಪ ಬಂದ. ಐದು ಹಣ್ಣುಗಳನ್ನು ಗಿರಣಿಯ ಕಟ್ಟೆಯ ಮೇಲೆ ಸಾಲಾಗಿ ಇಡಿಸಿ, ದೂರದಿಂದಲೇ ಲಾಠಿಯಿಂದ ತಿರುವಿ ನೋಡಿದ.

"ಯಾವ ಕಲಂ ಹಾಕ್ಲಿ ಹೇಳ್ರಿ? ಕಳವಿಲ್ಲ, ಹೊಡದಾಟಿಲ್ಲ. ಲಿಂಬಿಹಣ್ಣಿಗೆ ಮೊಳಿ ಹೊಡದ್ರ ಗಾಯ ಆಗಿದ್ದು ಲಿಂಬಿಹಣ್ಣಿಗೆ. ಅದು ಬಂದು ಫಿರ್ಯಾದಿ ಕೊಡಬೇಕು."

"ಸಾಹೇಬ್ರ, ಚೀಟಿ ಓದ್ರಿ!" ಎಂದಳು ಚನ್ನವ್ವ.

ಸೋಮಪ್ಪ ಚೀಟಿ ಬಿಚ್ಚಿದ. ಎಕ್ಸ್, ವೈ, ನಡುವೆ ಅಡ್ಡಗೆರೆ ಎಳೆದ ಸೊನ್ನೆ, ಕೊನೆಗೆ "ಗಾ". ಅವನು ಚೀಟಿಯನ್ನು ಮುಖದಿಂದ ದೂರ ಹಿಡಿದ. "ಇದೇನ್ರಿ, ಕಣ್ಣು ಮುಚ್ಚಿದ ಬೊಂಬಿ ಇದ್ದಂಗ ಐತಿ! ಮತ್ತ ಕೊನೀಗೆ ಗಾ..."

"ಜೋರಾಗಿ ಓದಬ್ಯಾಡ್ರಿ!" ಎಂದು ಹೆಂಗಸರು ಮಕ್ಕಳ ಕಿವಿ ಮುಚ್ಚಿದರು.

ಸೋಮಪ್ಪ ಕೂಡಲೇ ಚೀಟಿ ಮಡಚಿ, ತನಿಖೆಯನ್ನು ಊರಿನವರಿಗೇ ಒಪ್ಪಿಸಿದ. ಮಾಟಗಾರನನ್ನು ಹಿಡಿಯಲು ಒಂದು ಕಾವಲು ಕಮಿಟಿ ಆಗಬೇಕು, ಅದಕ್ಕೆ ಯಾರಿಗೂ ಹೆದರದ ಒಬ್ಬ ಅಧ್ಯಕ್ಷ ಬೇಕು. ಎಲ್ಲರೂ ದುಂಡಪ್ಪನ ಕಡೆ ನೋಡಿದರು.

ನಿಜ ಹೇಳಿದರೆ ಕರಾರು ಮುರಿದ ಮಾತು ಕಟಕೋಳಕ್ಕೆ ಮುಟ್ಟುತ್ತದೆ, ಒಗೆಯದೆಯೇ ಸೋತಂತೆ. "ಆತು," ಎಂದ. ಹಾಗೆ ಸುರೇಬಾನದಲ್ಲಿ ಒಬ್ಬನೇ ಮನುಷ್ಯ ಮುಂಜಾನೆ ಐದಕ್ಕೆ ಲಿಂಬೆಹಣ್ಣು ಒಗೆದು, ಆರಕ್ಕೆ ಅದನ್ನು ಒಗೆದವನನ್ನು ಹುಡುಕಿ, ಏಳಕ್ಕೆ "ಸಿಗಲಿ ಮಗಾ, ಅವನ ಮೂಳೀ ಮುರೀತೇನಿ!" ಎಂದು ಚಹಾದಂಗಡಿಯಲ್ಲಿ ಆಣೆ ಮಾಡತೊಡಗಿದ. ಕಮಿಟಿಯ ಕಾವಲು ಎಷ್ಟು ಬಿಗಿಯಾಗಿತ್ತೆಂದರೆ ದುಂಡಪ್ಪನ ಹೊರತು ಒಂದು ನಾಯಿಯೂ ಆ ರಸ್ತೆಗೆ ಸುಳಿಯುವಂತಿರಲಿಲ್ಲ. ತಾಲೀಮಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಆ ದಿನಗಳಲ್ಲೇ ಅವನಿಗೆ ನಲವತ್ತೈದರ ಓರೆಯೂ ಮೋಸವೆಂದು ತಿಳಿಯಿತು. ಕೈ ತುಸು ತಗ್ಗಿಸಿ ಮೂವತ್ತೆಂಟಕ್ಕೆ ಒಗೆದರೆ ಹಣ್ಣು ಗಾಳಿಯಲ್ಲಿ ಕಡಿಮೆ ಹೊತ್ತು ಇರುತ್ತದೆ, ನೆಲಕ್ಕೆ ಬಿದ್ದು ಹೆಚ್ಚು ಉರುಳುತ್ತದೆ. ಶಟರಿನ ಮೇಲಿನ ಕಮಾನು ಈಗ ಒಂದು ಬದಿಗೆ ವಾಲಿ, ಮೂಗು ತಗ್ಗಿಸಿ ಇಳಿಯುತ್ತಿತ್ತು. ಗಾಳಿಗೆ ಎಷ್ಟು ಪಾಲು ಕೊಡಬೇಕೆಂಬುದನ್ನು ಒರೆಸಿ ಬರೆದು, ಒರೆಸಿ ಬರೆದು, ಚುಕ್ಕೆಯೂ ಹಣ್ಣೂ ಒಂದೇ ಕಡೆ ಬೀಳುವ ತನಕ ಬಿಡಲಿಲ್ಲ.

ಎರಡನೆಯ ರವಿವಾರ ಸಚಿನ ಬೈಲಹೊಂಗಲದಿಂದ ಬಂದ. ಬಸ್ಸಿಳಿಯುತ್ತಲೇ ಅವನನ್ನು ಗಿರಣಿಯ ಕಟ್ಟೆಗೆ ಕರೆದೊಯ್ದರು. ಇಡೀ ಊರು ನೆರೆದಿತ್ತು. ಕಟಕೋಳದ ಕಡೆಯಿಂದ ಒಗೆಯುವ ಹಣಮಂತಪ್ಪನೂ, ಸುದ್ದಿ ಕೇಳಿ, ಮೋಟರ್‌ಸೈಕಲ್ಲಿನ ಮೇಲೆ ಬಂದು ನಿಂತಿದ್ದ.

"ಓದಿದಾಂವ ನೀನೊಬ್ಬ," ಎಂದ ಮಡಿವಾಳೆಪ್ಪ ಚೀಟಿ ಚಾಚಿ. "ಇದು ಯಾರ ಕೈಬರಹ, ಏನು ಮಂತ್ರ, ನೋಡಿ ಹೇಳು."

ಸಚಿನ ಕನ್ನಡಕ ಸರಿಪಡಿಸಿಕೊಂಡು ನೋಡಿದ. ಅವನ ಮುಖ ಹಿಗ್ಗಿತು. "ಅರೆ! ಇದು ನಂದ!"

ಗಿರಣಿಯ ಕಟ್ಟೆಯ ಮೇಲೆ ಕೂತಿದ್ದವರು ತಟಕ್ಕನೆ ಕೆಳಗಿಳಿದರು.

"ನಿಂದ?" ಎಂದ ಹವಾಲ್ದಾರ ಸೋಮಪ್ಪ.

"ನೂರಕ್ಕ ನೂರು ನಂದ! ನಾನ ಬರದದ್ದು!"

ಗುರವ್ವ ಎದೆ ಬಡಿದುಕೊಂಡಳು. "ತಾನ ಒಪ್ಪಿಕೊಂಡ! ಯವ್ವಾ, ನಮ್ಮ ಎಮ್ಮಿ ನಿನಗೇನ ಮಾಡಿತ್ತೋ ತಮ್ಮಾ?"

"ಏ ಆಯೀ, ಇದು ಮಾಟ ಅಲ್ಲ, ಇದು ಪ್ರಕ್ಷೇಪಕ ಚಲನೆ!"

"ಏ, ಅನಬ್ಯಾಡ, ಹೆಸರ ತಗೀಬ್ಯಾಡ ಅದರದು!" ಎಂದು ಜನ ಹಿಂದೆ ಸರಿದರು. ಸೋಮಪ್ಪ ಲಾಠಿಯನ್ನು ಎರಡೂ ಕೈಯಲ್ಲಿ ಹಿಡಿದ. ಚನ್ನವ್ವ ಮಗನ ಎದುರು ಬಂದು ನಿಂತಳು, ಕಣ್ಣಲ್ಲಿ ನೀರು. "ಇದಕ್ಕೇನೋ ನಿನ್ನ ಬೈಲಹೊಂಗಲಕ್ಕ ಕಳಿಸಿದ್ದು? ಹಡದವ್ವ ಕಟ್ಟೋ ಉಂಡಿ ಒಡೀಲಿ ಅಂತ ಮೊಳಿ ಹೊಡದ್ಯಾ?"

"ಅವ್ವಾ, ಮೊಳಿ ಯಾರ ಹೊಡದಾರೋ ನನಗೊತ್ತಿಲ್ಲ. ಸಮೀಕರಣ ಅಷ್ಟ ನಂದು!"

"ಪಾರ್ಟನರ್ ಅದಾನಂದಂಗಾತು," ಎಂದು ಸೋಮಪ್ಪ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

ಜನರ ಹಿಂದೆ ನಿಂತಿದ್ದ ದುಂಡಪ್ಪನಿಗೆ ಅಂದು ದೀಪಾವಳಿ. ಎತ್ತು ಎಂದವನ ಸುತ್ತ ಊರೇ ಹಗ್ಗ ಹಿಡಿದು ನಿಂತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಸಚಿನನ ಲೆಕ್ಕವೂ ಹೋಯಿತು, ಇಪ್ಪತ್ತೊಂಬತ್ತೂ ಹೋಯಿತು, ಲಿಂಬೆಹಣ್ಣು ತನ್ನ ಕೈಯಲ್ಲೇ ಉಳಿಯಿತು. ಅವನು ಬಾಯಿ ಮುಚ್ಚಿಕೊಂಡಿದ್ದ ಕೂಡ. ಪೂರ್ತಿ ಎರಡು ನಿಮಿಷ ಮುಚ್ಚಿಕೊಂಡಿದ್ದ. ಅವನ ಜನ್ಮದಲ್ಲಿ ಅದು ದಾಖಲೆ.

ಅಷ್ಟರಲ್ಲಿ ಸಚಿನ ಚೀಟಿಯನ್ನು ಕಣ್ಣ ಹತ್ತಿರ ಹಿಡಿದ. "ಓಹೋ, ಇಲ್ಲಿ ಗಾಳಿಯ ತಡಿ ಕಳದಾರ... ಗಾ... ಹೌದು ಹೌದು, ಇದನ್ನೂ ನಾ ಬರದಿದ್ದೆ. ಅವಸರದಾಗ ಆ ಕಾಗದದ ಮ್ಯಾಲ ಬಿಟ್ಟುಹೋಗಿತ್ತು ಅಷ್ಟ."

"ಸುಳ್ಳ!"

ಎಲ್ಲರೂ ತಿರುಗಿದರು. ದುಂಡಪ್ಪ ಜನರನ್ನು ಸೀಳಿಕೊಂಡು ಬರುತ್ತಿದ್ದ, ಮುಖ ಕಾಯಿಸಿದ ಕಬ್ಬಿಣ.

"ಗಾ ನಂದು! ಐದು ದಿನ ರಟ್ಟಿ ಮುರಕೊಂಡು ಹಿಡದೇನಿ ಅದನ್ನ! ಮೊಳಿ ನಂದು, ಬಣ್ಣಾ ನಂದು, ಬಾಲ ನಂದು! ಈ ಮನಶ್ಯಾಗ ಮಾಟಾ ಮಾಡಾಕೂ ಬರಂಗಿಲ್ಲ, ಲೆಕ್ಕಾ ಮಾಡಾಕೂ ಬರಂಗಿಲ್ಲ!"

"ಹಂಗಾರ ನಮ್ಮ ಕಮಿಟಿ ಅಧ್ಯಕ್ಷ..." ಎಂದು ಮಡಿವಾಳೆಪ್ಪ ಲೆಕ್ಕ ಹಾಕಲು ಹೊರಟು, ಸುಸ್ತಾಗಿ ಕಟ್ಟೆಯ ಮೇಲೆ ಕೂತ.

"ತಪ್ಪು ತೋರ್ಸು ಅಂದ್ರಿಲ್ಲೋ ದೊಡ್ಡಪ್ಪಾ? ಬರ್ರಿ, ತೋರಸ್ತೇನಿ!"

ಊರಿಗೆ ಊರೇ ಅಗಸಿಗೆ ನಡೆಯಿತು. ಟೇಪು ಹಿಡಿದು ಅಳೆದರು. ಸಚಿನ ತನ್ನ ನೂರಾ ನಾಲ್ಕನೆಯ ಮೀಟರಿನಲ್ಲಿ, ಹಣ್ಣು ಹಿಡಿಯಲೆಂದು ಟವೆಲ್ಲು ಹರಡಿಕೊಂಡು ನಿಂತ. ದುಂಡಪ್ಪ ಅರವತ್ತನಾಲ್ಕನೆಯ ಮೀಟರಿಗೆ ಹೋಗಿ, ಗುರುತಿಗೆ ಏನಾದರೂ ಇರಲೆಂದು ಹವಾಲ್ದಾರನ ಟೊಪ್ಪಿಗೆಗೆ ಕೈ ಹಾಕಿದ.

"ಏ! ಸರ್ಕಾರಿ ಟೊಪ್ಪಿಗಿ ಅದು! ಲಿಂಬಿರಸ ಬಿದ್ರ ಸಾಹೇಬರಿಗೆ ನಾ ಏನ 'ಪಿತ್ತ ಆಗಿ ತಲಿಗೆ ಹಚ್ಚಿಕೊಂಡಿದ್ದೆರಿ' ಅನ್ಲ್ಯಾ?"

"ಅಲ್ಲಿ ಬೀಳಂಗಿಲ್ಲ ಬಿಡ್ರಿ ಸಾಹೇಬ್ರ!" ಎಂದು ದೂರದಿಂದ ಸಚಿನ ಕೂಗಿದ. ಆ ಭರವಸೆಯ ಮೇಲೆ ಟೊಪ್ಪಿಗೆ ನೆಲಕ್ಕಿಳಿಯಿತು.

ದುಂಡಪ್ಪ ಅಗಸಿಗೆ ಮರಳಿ ಒಗೆದ: ಮೊಳೆಯಿಲ್ಲದ, ಬಾಲವಿಲ್ಲದ, ಬರಿಯ ಹಣ್ಣು. ಮೊದಲನೆಯದು ಟೊಪ್ಪಿಗೆಯಿಂದ ಎರಡು ಗೇಣು ಈಚೆ ಬಿತ್ತು. ಎರಡನೆಯದು ಒಂದು ಹೆಜ್ಜೆ ಆಚೆ ಬಿದ್ದು ಉರುಳಿತು. ಸಚಿನ ಟವೆಲ್ಲು ಹರಡಿಕೊಂಡು ನಾಲ್ಕು ಹೆಜ್ಜೆ ಮುಂದೆ ಬಂದ. ಮತ್ತೆ ಹತ್ತು ಹೆಜ್ಜೆ ಮುಂದೆ ಬಂದ. ಮೂರನೆಯದು ಏರಿತು, ನೆತ್ತಿಯಲ್ಲಿ ತುಸು ತಡವರಿಸಿತು, ಮೂಗು ತಗ್ಗಿಸಿ ಇಳಿದು ಸರ್ಕಾರಿ ಟೊಪ್ಪಿಗೆಯೊಳಗೆ ಪಚ್ಚೆಂದು ಒಡೆಯಿತು.

ಸೋಮಪ್ಪನ ಆರ್ತನಾದ ಯಾರಿಗೂ ಕೇಳಿಸಲಿಲ್ಲ, ಅಷ್ಟು ಕೇಕೆ. ಗುರವ್ವ ಸಂತೋಷಕ್ಕೆ ಸೆರಗು ಬೀಸಿದಳು. ಆ ಕೇಕೆಯ ನಡುವೆ ಹಣಮಂತಪ್ಪ ಮೋಟರ್‌ಸೈಕಲ್ಲಿನ ಮೇಲೆ ಎದ್ದು ನಿಂತು ಒದರಿದ:

"ನಿಂದ್ರರಿ! ಕರಾರು ಮುರದ್ರಿ! ಇದ ರಸ್ತಾದಾಗ ತಾಲೀಮು ಮಾಡ್ಯಾನ ಅಂತ ಬಾಯ್ಲೇ ಹೇಳಿದ. ಮೊನ್ನಿ ಮುಂಜಾನಿ ಐದೂವರಿಗೆ ಕಮಿಟಿ ಕಾವಲೊಳಗ ಬೇವಿನ ಗಿಡದ ಹತ್ರ ಯಾರೋ ಒಗ್ಯಾಕ ಹತ್ತಿದ್ದು ನಾ ಕಣ್ಣಾರೆ ಕಂಡೇನಿ, ಇಂವನ ಅದಾಂವ! ಸೋತ್ರಿ ನೀವು! ಹನ್ನೆರಡು ನಮೂನಿ ಉಂಡಿ ಕಟ್ರಿ!"

ಕೇಕೆ ನಿಂತಿತು. ದುಂಡಪ್ಪನ ಕೈಯಲ್ಲಿದ್ದ ಹಣ್ಣು ನೆಲಕ್ಕೆ ಬಿತ್ತು. ಚನ್ನವ್ವ ತನ್ನ ಎರಡೂ ಅಂಗೈ ನೋಡಿಕೊಂಡಳು.

ಹವಾಲ್ದಾರ ಸೋಮಪ್ಪ ಟೊಪ್ಪಿಗೆ ಹಿಂಡುತ್ತ ಮೆಲ್ಲಗೆ ಬಂದ. ಇಪ್ಪತ್ತು ವರ್ಷದ ಚಾಕರಿಯಲ್ಲಿ ಅವನಿಗೆ ಒಂದು ಪ್ರಶ್ನೆಯೂ ತಾನಾಗಿ ಹೊಳೆದಿರಲಿಲ್ಲ, ಅಂದು ಹೊಳೆಯಿತು.

"ಹಣಮಂತಪ್ಪಾ, ಮುಂಜಾನಿ ಐದೂವರಿಗೆ ಕಟಕೋಳದಾಂವ ಸುರೇಬಾನದ ಬೇವಿನ ಗಿಡದ ಹತ್ರ ಏನ ಮಾಡಾಕ ಹತ್ತಿದ್ದಿ?"

"ನಾ... ಹವಾ ತಗೊಳ್ಳಾಕ ಬಂದಿದ್ದೆ."

"ಯಾಕ, ಕಟಕೋಳದಾಗ ಹವಾ ಮುಗದಿತ್ತೇನು?"

ಮೋಟರ್‌ಸೈಕಲ್ಲಿನ ಪಕ್ಕದ ಡಬ್ಬಿ ತೆಗೆಸಿದರು. ಒಳಗಿನಿಂದ ನಲವತ್ತು ಲಿಂಬೆಹಣ್ಣು ಒಂದರ ಹಿಂದೊಂದು ಉರುಳಿ, ಸಾಲೆ ಬಿಟ್ಟ ಮಕ್ಕಳಂತೆ ದಿಕ್ಕಾಪಾಲಾದವು. ಮಡಿವಾಳೆಪ್ಪ ಒಂದನ್ನು ಎತ್ತಿ ಮೂಸಿ, ಗಂಭೀರವಾಗಿ ಹೇಳಿದ: "ಎರಡೂ ಊರು ಕರಾರು ಮುರದಾವು. ಅಂದಮ್ಯಾಗ ಕರಾರು ಯಾರೂ ಮುರದಿಲ್ಲ. ಪಂಚಮಿಗೆ ಒಗತ ಐತಿ, ಬರ್ರಿ."

ಪಂಚಮಿಯ ದಿನ ಬಿಸಿಲು ಹದವಾಗಿತ್ತು. ಜೋಕಾಲಿ ಬಿಟ್ಟು ಹೆಣ್ಣುಮಕ್ಕಳೂ ಅಗಸಿಗೆ ಬಂದಿದ್ದರು. ಹಣಮಂತಪ್ಪ ಎದೆಯುಬ್ಬಿಸಿ "ನಲವತ್ತೇಳು" ಎಂದ. ಮಡಿವಾಳೆಪ್ಪ ಮಗನ ಮುಖ ನೋಡಿದ. ಸಚಿನ ತನ್ನ ಚಪ್ಪಲಿಯ ಉಂಗುಟ ನೋಡಿದ. ಆಗ ಮಡಿವಾಳೆಪ್ಪ ತಮ್ಮನ ಮಗನ ಕಡೆ ತಿರುಗಿ, ಇಪ್ಪತ್ನಾಲ್ಕು ವರ್ಷದಲ್ಲಿ ಮೊದಲ ಸಲ ಕೇಳಿದ: "ನೀನ ಹೇಳಪ್ಪಾ. ಎಷ್ಟು?"

"ನಲವತ್ತಾರು," ಎಂದ ದುಂಡಪ್ಪ. ಈ ಸಲ ಒದರಲಿಲ್ಲ.

ಹಣಮಂತಪ್ಪ ನಲವತ್ತೊಂಬತ್ತಕ್ಕೆ ಮುಟ್ಟಿಸಿ, ಹಣ್ಣು ಸಣ್ಣವಿದ್ದವು ಎಂದ. ಆಮೇಲೆ ದುಂಡಪ್ಪ ಒಗೆಯತೊಡಗಿದ. ಹತ್ತು. ಇಪ್ಪತ್ತು. ಪ್ರತಿ ಒಗೆತಕ್ಕೂ ಮೊದಲು ಹೊಲದ ಜೋಳದ ಗರಿ ಯಾವ ಕಡೆ ಬಾಗುತ್ತಿದೆ ನೋಡಿ ಕೈಯ ಓರೆ ತುಸು ಬದಲಿಸುತ್ತಿದ್ದ. ಇಪ್ಪತ್ತೊಂಬತ್ತನೆಯದು ಇನ್ನೂ ಹಾದಿಯ ನಡುವೆಯೇ ಬಿದ್ದಾಗ ಎಲ್ಲರೂ ಸಚಿನನ ಕಡೆ ನೋಡಿದರು, ಅವನು ಕೆಮ್ಮಿದ. ನಲವತ್ತು. ಎದುರುಗಾಳಿ ಎದ್ದಿತು, ದುಂಡಪ್ಪ ಕೈ ಇನ್ನಷ್ಟು ತಗ್ಗಿಸಿದ. ನಲವತ್ತೈದು ಮುಗಿದಾಗ ಸೇತುವೆ ಇನ್ನೂ ಅರವತ್ತೆಂಟು ಮೀಟರ್.

ದುಂಡಪ್ಪ ನಲವತ್ತಾರನೆಯದನ್ನು ಒಗೆದ. ಹಣ್ಣು ಎದ್ದಿತು, ಬಾಗಿತು, ಸೇತುವೆಗೆ ಐದಾರು ಮಾರು ಈಚೆಗೇ ಬಿತ್ತು. "ಹೋತು!" ಎಂದ ಹಣಮಂತಪ್ಪ. ಹಣ್ಣು ಹೋಗಿರಲಿಲ್ಲ, ಹೋಗುತ್ತಿತ್ತು. ಪುಟಿಯಿತು, ಉರುಳಿತು, ಒಂದು ಹರಳಿಗೆ ತಾಗಿ ಯೋಚನೆ ಮಾಡಿತು, ಮತ್ತೆ ಉರುಳಿತು, ಸೇತುವೆಯ ಕಲ್ಲಿಗೆ ಟಕ್ಕೆಂದು ಮುಟ್ಟಿ ನಿಂತಿತು.

ಆಮೇಲೆ ಆದದ್ದನ್ನು ಬರೆಯುವುದು ಕಷ್ಟ. ಹಲಗೆ ಬಾರಿಸುವವರು ಲಯ ಬಿಟ್ಟು ಬಾರಿಸಿದರು. ಚನ್ನವ್ವ ಹಣಮಂತಪ್ಪನ ಹೆಂಡತಿ ಮಾಯವ್ವನನ್ನು ಹುಡುಕಿಕೊಂಡು ಹೋಗಿ, "ಶೇಂಗಾ ಉಂಡಿಗೆ ಬೆಲ್ಲ ಚಂದಂಗಿ ಹಾಕವ್ವಾ, ನಮ್ಮ ಮಂದಿಗೆ ಸಿಹಿ ಜಾಸ್ತಿ ಬೇಕು," ಎಂದಳು. ಸೋಮಪ್ಪ ಕಲೆ ಹೋಗದ ಟೊಪ್ಪಿಗೆಯನ್ನು ಗಾಳಿಗೆ ತೂರಿ, ಅದು ಎಲ್ಲಿ ಬೀಳುತ್ತದೆಂಬ ಲೆಕ್ಕ ತಪ್ಪಿ, ಕಾಲುವೆಯಲ್ಲಿ ಇಳಿದು ತೆಗೆದುಕೊಂಡು ಬಂದ. ಗುರವ್ವ ದುಂಡಪ್ಪನಿಗೆ ದೃಷ್ಟಿ ತೆಗೆಯಬೇಕೆಂದು ಹಣ್ಣು ಕೇಳಿದಳು, ಯಾರೂ ಕೊಡಲಿಲ್ಲ.

ಆ ಗದ್ದಲವನ್ನು ದಾಟಿಕೊಂಡು ಸಚಿನ ಬಂದ. ಕೈಯಲ್ಲಿ ನೋಟ್‌ಬುಕ್ಕು, ಕಿವಿಯಲ್ಲಿ ಪೆನ್ನು. ಅವನು ಬಂದ ಪರಿ ನೋಡಿ ಜನ ತಾವಾಗಿಯೇ ದಾರಿ ಬಿಟ್ಟರು. ಎರಡೂ ಊರಿನ ನಾಲ್ಕು ನೂರು ಮಂದಿಯ ಎದುರಿಗೆ, ಬೈಲಹೊಂಗಲದ ಪ್ರೊಫೆಸರ್ ಗಂಟಲು ಸರಿಪಡಿಸಿಕೊಂಡ.

"ದುಂಡಪ್ಪಾ... ಆ ಗಾಳಿ ಪಾಲು ಐತೆಲ್ಲಾ, ಅದನ್ನ ಹೆಂಗ ಹಿಡದಿ? ಎಷ್ಟು ಇಟ್ಟಿ? ಸೋಮವಾರ ಹುಡುಗರಿಗೆ ಹೇಳಬೇಕಾಗೈತಿ. ನನಗ ಸ್ವಲ್ಪ ಹೇಳಿಕೊಡಪ್ಪಾ."

ಮಡಿವಾಳೆಪ್ಪ ಮುಂದಕ್ಕೆ ಬಾಗಿದ. ಸಚಿನ ಪೆನ್ನು ತೆಗೆದು ಕಾಗದಕ್ಕೆ ಹಚ್ಚಿದ.

ದುಂಡಪ್ಪ ತನ್ನನ್ನು ಎತ್ತು ಎಂದವನನ್ನು ಒಮ್ಮೆ ಕನ್ನಡಕದಿಂದ ಚಪ್ಪಲಿಯವರೆಗೆ ನೋಡಿದ. ಅಂಗಿಯ ತೋಳಿಗೆ ಕೈಯ ರಸ ಒರೆಸಿಕೊಂಡ. ಬೆನ್ನು ತಿರುಗಿಸಿ, ಕಾಲುವೆಯ ಏರಿ ಹಿಡಿದು, ನಡೆದೇ ಹೋದ.